ಪಿನ್‌ಬಾಲ್ ಯಂತ್ರದ ಮೂಲಮಾದರಿಯನ್ನು ಗುರುತಿಸುವ ಬಗೆ

ಬದನಗುಪ್ಪೆಯ ಬಯಲಿನಲ್ಲಿ ಗೋಲಿಯಾಡಿ ಬೆಳೆದವರಿಗೆ ಪಿನ್‌ಬಾಲ್ ತೀರ ಅಪರಿಚಿತವೆನಿಸಲಾರದು. ಇಳಿಜಾರು ಹಲಗೆಯ ಮೇಲೆ ಉಕ್ಕಿನ ಗುಂಡು ಉರುಳುತ್ತದೆ. ಅದು ತಗುಲಿದ ಕಡೆ ಸ್ವಿಚ್ಚು ಕೂಡಿ ಅಂಕ ಏರುತ್ತದೆ. 1970ರ ದಶಕದ ನಡುಭಾಗದವರೆಗೆ ಈ ಲೆಕ್ಕವನ್ನೆಲ್ಲ ಇಡುತ್ತಿದ್ದುವು ರಿಲೇಗಳು ಮತ್ತು ಹೆಜ್ಜೆಹೆಜ್ಜೆಯಾಗಿ ತಿರುಗುವ ಚಕ್ರಗಳು. ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯು ಹಿಂದೆ ತಯಾರಿಸುತ್ತಿದ್ದ ಸ್ಟ್ರೌಜರ್ ಟೆಲಿಫೋನ್ ಎಕ್ಸ್‌ಚೇಂಜಿನ ತತ್ತ್ವವೂ ಹೆಚ್ಚುಕಡಿಮೆ ಇದೇ.

ಷಿಕಾಗೋದ ಕಾರ್ಖಾನೆಗಳು ಇಂಥ ಯಂತ್ರಗಳನ್ನು ಮಾರಾಟಕ್ಕೆ ತಯಾರಿಸುವ ಮುನ್ನ ಪರೀಕ್ಷೆಗೆಂದು ಒಂದೆರಡನ್ನು ಕೈಯಿಂದಲೇ ಕಟ್ಟುತ್ತಿದ್ದುವು. ಅದೇ ಮೂಲಮಾದರಿ. ಅದನ್ನು ಗುರುತಿಸಲು ಹೊರಗಿನ ಬಣ್ಣ ಸಾಲದು, ರಿಪೇರಿಯವರು ಬದಲಿಸಿರಬಹುದು. ಕ್ರಮಸಂಖ್ಯೆ ಇಲ್ಲವೆಂಬುದೂ ಪೂರ್ಣ ಸಾಕ್ಷಿಯಲ್ಲ. ಹಲಗೆಯನ್ನೆತ್ತಿ ಅಡಿಭಾಗವನ್ನು ನೋಡಬೇಕು: ಪೆನ್ಸಿಲ್ ಗೆರೆ, ಕೊರೆದು ಮತ್ತೆ ಮರ ತುಂಬಿ ಮುಚ್ಚಿದ ತೂತು, ನಕ್ಷೆಗೆ ಹೊಂದದ ತಂತಿ. ಕಟ್ಟಿದವನು ನಡುವೆ ಮನಸ್ಸು ಬದಲಿಸಿದ ಗುರುತು ಅಲ್ಲಿ ಉಳಿದಿರುತ್ತದೆ.

ಬ್ಯಾಲಿ ಕಂಪನಿಯ ‘ಫ್ಲಿಕರ್’ ಇದಕ್ಕೆ ನಿದರ್ಶನ. ಮಾರುಕಟ್ಟೆಗೆ ಬಂದ ಫ್ಲಿಕರ್ ರಿಲೇಗಳಿಂದಲೇ ನಡೆಯುವಂಥದು. ಆದರೆ 1974ರಲ್ಲಿ ಡೇವ್ ನಟಿಂಗ್, ಜೆಫ್ ಫ್ರೆಡ್ರಿಕ್ಸನ್ ಎಂಬವರು ಅದೇ ಆಟಕ್ಕೆ ಇಂಟೆಲ್ 4004 ಮೈಕ್ರೋಪ್ರೊಸೆಸರನ್ನು ಕೂಡಿಸಿದರು. ಪೆಟ್ಟಿಗೆ, ಹಲಗೆ ಮೊದಲಿನವೇ. ಒಳಗನ್ನು ನೋಡಿದವರಿಗೇ ನಿಜ ಖಚಿತವಾಗುವುದು. ಈ ಕೆಲಸಕ್ಕೆ 1978ರಲ್ಲಿ ಪೇಟೆಂಟು ದೊರೆತು, ಮುಂದೆ ಅದು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಇಂಥ ಪೆಟ್ಟಿಗೆಯನ್ನು ಅರಿಯದ ರಿಪೇರಿಯವನೊಬ್ಬನು ಮತ್ತೆ ರಿಲೇ ಕೂಡಿಸಿ ‘ಸರಿ’ಮಾಡಿದರೆ ಸಾಕ್ಷಿಯೇ ಅಳಿದುಹೋಯಿತು. ಆದುದರಿಂದ ಒಂದು ತಂತಿಯನ್ನು ಕಡಿಯುವ ಮೊದಲೂ ಒಳಭಾಗದ ಛಾಯಾಚಿತ್ರವನ್ನು ತೆಗೆದಿಡತಕ್ಕದ್ದು.