ಜಪಾನಿನ ಸರಣಿ ಅಂಗಡಿಗಳು ಮತ್ತು ನಮ್ಮ ಕಿರಾಣಿ ವ್ಯಾಪಾರ

ಮಂಗಸೂಳಿಯಂತಹ ಊರಿನ ವ್ಯಾಪಾರಕ್ಕೆ ಬಹುಕಾಲದಿಂದ ಎರಡು ರೂಪಗಳುಂಟು. ಒಂದು, ವಾರಕ್ಕೊಮ್ಮೆ ಕೂಡುವ ಸಂತೆ. ಇನ್ನೊಂದು, ದಿನವೂ ಬಾಗಿಲು ತೆರೆಯುವ ಕಿರಾಣಿ ಅಂಗಡಿ. ಇವೆರಡರ ಜೊತೆಗೆ ಮೂರನೆಯದೊಂದು ರೂಪವು ಈಗ ಸುತ್ತಲಿನ ನಗರಗಳಿಗೆ ಬಂದು ನೆಲೆಸಿದೆ. ಒಂದೇ ಹೆಸರು, ಒಂದೇ ಬೆಲೆ, ಒಂದೇ ಬಗೆಯ ಏರ್ಪಾಡುಳ್ಳ ಹಲವು ಅಂಗಡಿಗಳನ್ನು ಒಂದೇ ಸಂಸ್ಥೆಯು ನಡೆಸುವ ಈ ಪದ್ಧತಿಯನ್ನು ಸರಣಿ ಅಂಗಡಿ ಎಂದು ಕರೆಯಬಹುದು. ನಗರಕ್ಕೆ ಕೆಲಸದ ನಿಮಿತ್ತ ಹೋದವರು ತಿಂಗಳ ಸಾಮಾನನ್ನು ಅಲ್ಲಿಯೇ ಕೊಂಡು ತರುವುದು ಇಂದು ಅಪರೂಪವಲ್ಲ. ಹೀಗಿರುವಾಗ ಊರಿನ ಕಿರಾಣಿ ಅಂಗಡಿಯ ಗತಿಯೇನೆಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಈ ಪ್ರಶ್ನೆಯನ್ನು ನಮಗಿಂತ ಬಹಳ ಮೊದಲೇ ಎದುರಿಸಿದ ದೇಶ ಜಪಾನ್. ಅಲ್ಲಿಯೂ ಮುಂಭಾಗದಲ್ಲಿ ಅಂಗಡಿ, ಹಿಂಭಾಗದಲ್ಲಿ ಸಂಸಾರ ಎಂಬಂತೆ ಬದುಕುತ್ತಿದ್ದ ಸಣ್ಣ ವ್ಯಾಪಾರಿಗಳೇ ಬಹುಸಂಖ್ಯಾತರಾಗಿದ್ದರು. ಅವರಲ್ಲಿ ಕೆಲವರು ಉಳಿದರು, ಹಲವರು ಬಾಗಿಲು ಹಾಕಿದರು. ಉಳಿದವರು ಯಾವುದರಿಂದ ಉಳಿದರು, ಅಳಿದವರು ಯಾವುದರಿಂದ ಅಳಿದರು ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

1. ಒಂದೇ ಮಾತಿನ ಬೆಲೆ

ಜಪಾನಿನ ಚಿಲ್ಲರೆ ವ್ಯಾಪಾರದ ಇತಿಹಾಸವನ್ನು ಸಾಮಾನ್ಯವಾಗಿ 1673ರಿಂದ ಆರಂಭಿಸುವುದುಂಟು. ಆ ವರ್ಷ ಮಿತ್ಸುಯಿ ತಾಕಾತೋಶಿ ಎಂಬ ವರ್ತಕನು ಎದೋ ನಗರದಲ್ಲಿ, ಎಂದರೆ ಇಂದಿನ ಟೋಕಿಯೋದಲ್ಲಿ, ಎಚಿಗೋಯಾ ಎಂಬ ಜವಳಿ ಅಂಗಡಿಯನ್ನು ತೆರೆದನು. ಆ ಕಾಲದ ದೊಡ್ಡ ಜವಳಿ ವ್ಯಾಪಾರಿಗಳು ಶ್ರೀಮಂತರ ಮನೆಗಳಿಗೆ ಬಟ್ಟೆಯನ್ನು ಒಯ್ದು ತೋರಿಸಿ, ಉದ್ರಿ ಕೊಟ್ಟು, ವರ್ಷಕ್ಕೆ ಒಂದೆರಡು ಸಲ ಮಾತ್ರ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತಿದ್ದರು. ಹಣ ತಡವಾಗಿ ಬರುವುದರಿಂದಾಗುವ ನಷ್ಟವೂ, ಬಾರದೆಯೇ ಹೋಗುವ ಬಾಕಿಯ ನಷ್ಟವೂ ಬಟ್ಟೆಯ ಬೆಲೆಯಲ್ಲಿಯೇ ಸೇರಿರುತ್ತಿದ್ದವು. ಬೆಲೆಯು ಗಿರಾಕಿಯ ಮುಖ ನೋಡಿ ಬದಲಾಗುತ್ತಿತ್ತು.

ತಾಕಾತೋಶಿಯು ಇದನ್ನು ತಿರುವು ಮಾಡಿದನು. ರೋಖ ಕೊಟ್ಟವರಿಗೆ ಮಾತ್ರ ಮಾಲು, ಎಲ್ಲರಿಗೂ ಒಂದೇ ಬೆಲೆ, ಚೌಕಾಶಿ ಇಲ್ಲ ಎಂಬುದು ಅವನ ಅಂಗಡಿಯ ನಿಯಮವಾಯಿತು. ಇಡೀ ಥಾನು ಕೊಳ್ಳಲಾರದ ಬಡವನಿಗೆ ಬೇಕಾದಷ್ಟು ಅಳತೆಯ ಬಟ್ಟೆಯನ್ನು ಕತ್ತರಿಸಿ ಕೊಡುವ ಪದ್ಧತಿಯನ್ನೂ ಅವನು ತಂದನು. ಇದೇ ಅಂಗಡಿಯು 1904ರಲ್ಲಿ ಮಿತ್ಸುಕೋಶಿ ಎಂಬ ಹೆಸರಿನ ಬಹುಸರಕಿನ ಮಳಿಗೆಯಾಗಿ ಮಾರ್ಪಟ್ಟಿತು. ಬೆಲೆಯಲ್ಲಿ ನಂಬಿಕೆ ಹುಟ್ಟಿದ ಮೇಲೆ ಒಂದು ಅಂಗಡಿಯು ಹತ್ತಾಗುವುದು ಕಷ್ಟವಲ್ಲ. ನಂಬಿಕೆಯಿಲ್ಲದೆ ಹತ್ತು ಅಂಗಡಿಗಳನ್ನು ತೆರೆದರೂ ಅವು ಸರಣಿಯಾಗಲಾರವು.

2. ಕಂಬಕ್ಕೆ ಗಾಲಿ

ಎರಡನೆಯ ಉದಾಹರಣೆ ಒಕಾದಾ ಮನೆತನದ್ದು. 1758ರಲ್ಲಿ ಯೊಕ್ಕಾಇಚಿ ಎಂಬ ಊರಿನಲ್ಲಿ ಈ ಮನೆತನವು ಜವಳಿ ವ್ಯಾಪಾರ ಆರಂಭಿಸಿತು. ಮನೆಯ ನಡುಗಂಬಕ್ಕೆ ಗಾಲಿ ಜೋಡಿಸಿರಿ ಎಂಬುದು ಆ ಮನೆತನದಲ್ಲಿ ನಡೆದುಬಂದ ಬುದ್ಧಿವಾದ. ಜನರು ಎತ್ತ ಸಾಗುವರೋ ಅಂಗಡಿಯೂ ಅತ್ತ ಸಾಗಬೇಕು, ಸ್ಥಳದ ಮೋಹ ಕೂಡದು ಎಂಬುದು ಇದರ ತಾತ್ಪರ್ಯ. ಈ ಮನೆತನದ ವ್ಯಾಪಾರವೇ ಮುಂದೆ ಇತರ ವರ್ತಕರೊಡನೆ ಕೂಡಿ ಜಸ್ಕೋ ಎನಿಸಿ, ಇಂದು ಇಯಾನ್ ಎಂಬ ಹೆಸರಿನಿಂದ ಜಪಾನಿನ ಅತಿ ದೊಡ್ಡ ಚಿಲ್ಲರೆ ವ್ಯಾಪಾರ ಸಂಸ್ಥೆಗಳಲ್ಲಿ ಒಂದಾಗಿದೆ. ಇಂದು ಒಂದೂರು, ನಾಳೆ ಮತ್ತೊಂದೂರು ಎಂದು ಸಂತೆಯಿಂದ ಸಂತೆಗೆ ಗಂಟು ಹೊತ್ತು ಸಾಗುವ ನಮ್ಮ ವ್ಯಾಪಾರಿಗೆ ಈ ಬುದ್ಧಿವಾದವು ಹೊಸದಾಗಿ ತೋರಲಾರದು.

ಆದರೆ ಗಾಲಿಗೆ ಹಿಡಿತವೂ ಬೇಕು. ನಕಾಉಚಿ ಇಸಾವೊ ಎಂಬವರು 1957ರಲ್ಲಿ ಓಸಾಕಾದಲ್ಲಿ ದಾಯೆಯಿ ಎಂಬ ಅಂಗಡಿಯನ್ನು ತೆರೆದರು. ಅಗ್ಗದ ಬೆಲೆಯೇ ಅವರ ಮಂತ್ರವಾಗಿತ್ತು. ತಮ್ಮ ದೂರದರ್ಶನ ಯಂತ್ರಗಳನ್ನು ಕಡಮೆ ಬೆಲೆಗೆ ಮಾರಿದ್ದಕ್ಕಾಗಿ ಮತ್ಸುಶಿತಾ ಸಂಸ್ಥೆಯು 1964ರಿಂದ ಅವರಿಗೆ ಮಾಲು ಕೊಡುವುದನ್ನು ನಿಲ್ಲಿಸಿತು. ಈ ಜಗಳ ಸುಮಾರು ಮೂವತ್ತು ವರ್ಷ ನಡೆಯಿತು. 1972ರಲ್ಲಿ ದಾಯೆಯಿಯು ಮಾರಾಟದಲ್ಲಿ ಮಿತ್ಸುಕೋಶಿಯನ್ನೇ ಹಿಂದೆ ಹಾಕಿತು. ಆದರೆ ಅದರ ವಿಸ್ತರಣೆಯೆಲ್ಲ ಭೂಮಿಯ ಬೆಲೆ ಏರುತ್ತಲೇ ಇರುವುದೆಂಬ ನಂಬಿಕೆಯ ಮೇಲೆ, ಸಾಲದ ಹಣದಿಂದ ನಡೆದಿತ್ತು. 1990ರ ದಶಕದಲ್ಲಿ ಭೂಮಿಯ ಬೆಲೆ ಕುಸಿದಾಗ ಸಂಸ್ಥೆಯೂ ಕುಸಿಯತೊಡಗಿತು. 2004ರಲ್ಲಿ ಅದು ಸರಕಾರದ ಪುನಶ್ಚೇತನ ಸಂಸ್ಥೆಯ ಆಸರೆ ಬೇಡಬೇಕಾಯಿತು. ಕೊನೆಗೆ ಇಯಾನ್ ಸಂಸ್ಥೆಯಲ್ಲಿ ಸೇರಿಹೋಯಿತು. ದೊಡ್ಡದೆಲ್ಲ ಗಟ್ಟಿಯೆಂದು ತಿಳಿಯಬಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

3. ಕಾನೂನಿನ ಆಸರೆ

ದೊಡ್ಡ ಅಂಗಡಿಗಳು ಹಬ್ಬತೊಡಗಿದಾಗ ಜಪಾನಿನ ಸಣ್ಣ ವ್ಯಾಪಾರಿಗಳು ಸರಕಾರದ ಮೊರೆಹೊಕ್ಕರು. ಅದರ ಫಲವಾಗಿ 1973ರಲ್ಲಿ ದೊಡ್ಡ ಚಿಲ್ಲರೆ ಮಳಿಗೆಗಳ ಕಾಯಿದೆಯು ಬಂದಿತು. ನಿಗದಿಯಾದ ವಿಸ್ತೀರ್ಣಕ್ಕಿಂತ ದೊಡ್ಡದಾದ ಮಳಿಗೆಯನ್ನು ತೆರೆಯುವವರು ಅದರ ಅಳತೆ, ಬಾಗಿಲು ಹಾಕುವ ಹೊತ್ತು, ರಜೆಯ ದಿನಗಳು ಇವೆಲ್ಲವನ್ನೂ ಸ್ಥಳೀಯ ವರ್ತಕರ ಅಭಿಪ್ರಾಯ ಪಡೆದೇ ಗೊತ್ತುಮಾಡಬೇಕಾಯಿತು. 1978ರ ತಿದ್ದುಪಡಿಯು 500 ಚದರ ಮೀಟರಿಗಿಂತ ದೊಡ್ಡ ಮಳಿಗೆಗಳನ್ನೂ ಇದರ ವ್ಯಾಪ್ತಿಗೆ ತಂದಿತು. ವಿದೇಶಗಳ, ಮುಖ್ಯವಾಗಿ ಅಮೆರಿಕೆಯ, ಒತ್ತಾಯದಿಂದ 1990ರ ದಶಕದಲ್ಲಿ ಈ ಕಾಯಿದೆಯು ಸಡಿಲಗೊಂಡು, 2000ದಲ್ಲಿ ರದ್ದಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಜಪಾನಿನಲ್ಲಿ ಚಿಲ್ಲರೆ ಅಂಗಡಿಗಳ ಸಂಖ್ಯೆಯು 1982ರಲ್ಲಿ ಸುಮಾರು 17 ಲಕ್ಷ ಮುಟ್ಟಿ, ಅಲ್ಲಿಂದಾಚೆಗೆ ಇಳಿಯತೊಡಗಿತು; 2007ರ ಹೊತ್ತಿಗೆ ಸುಮಾರು 11 ಲಕ್ಷಕ್ಕೆ ಬಂದಿತ್ತು. ಎಂದರೆ ಕಾಯಿದೆಯು ಬಿಗಿಯಾಗಿದ್ದ ಕಾಲದಲ್ಲಿಯೇ ಇಳಿತ ಆರಂಭವಾಗಿತ್ತು. ಜನರು ಮೋಟಾರು ಕೊಂಡು ಊರ ಹೊರಗೆ ನೆಲೆಸಿದರು; ಅಂಗಡಿಕಾರನ ಮಕ್ಕಳು ಓದಿ ನೌಕರಿಗೆ ಹೋದರು; ತಂದೆಯ ಗಲ್ಲೆಯ ಮೇಲೆ ಕೂಡುವವರು ಇಲ್ಲವಾದರು. ಸಾಲು ಸಾಲಾಗಿ ಮುಚ್ಚಿದ ಅಂಗಡಿಗಳಿರುವ ಪೇಟೆಗಳಿಗೆ ಜಪಾನೀಯರು ಶಟರ್ ಬೀದಿಗಳೆಂದು ಹೆಸರಿಟ್ಟಿದ್ದಾರೆ. ಕಾನೂನು ಸಣ್ಣ ವ್ಯಾಪಾರಿಗೆ ಕಾಲಾವಕಾಶವನ್ನು ಕೊಟ್ಟಿತೇ ಹೊರತು ಗಿರಾಕಿಯನ್ನು ಕೊಡಲಿಲ್ಲ.

4. ಸಣ್ಣ ಅಂಗಡಿಯ ಹೊಸ ರೂಪ

ಆ ಕಾಲಾವಕಾಶವನ್ನು ಬಳಸಿಕೊಂಡವರೂ ಇದ್ದರು. ಇತೋ-ಯೊಕಾದೊ ಎಂಬ ದೊಡ್ಡ ಸಂಸ್ಥೆಯು ಅಮೆರಿಕೆಯ ಸೆವೆನ್-ಇಲೆವೆನ್ ಅಂಗಡಿಗಳ ಒಡೆತನದ ಕಂಪನಿಯೊಡನೆ 1973ರಲ್ಲಿ ಒಪ್ಪಂದ ಮಾಡಿಕೊಂಡಿತು. ಸುಜುಕಿ ತೋಶಿಫುಮಿ ಈ ಕಾರ್ಯದ ಮುಂದಾಳು. 1974ರ ಮೇ 15ರಂದು ಟೋಕಿಯೋದ ತೊಯೋಸುವಿನಲ್ಲಿ ಮೊದಲ ಅಂಗಡಿ ತೆರೆಯಿತು. ಅದು ಹೊಸದಾಗಿ ಕಟ್ಟಿದ ಮಳಿಗೆಯಲ್ಲ. ಒಂದು ಕುಟುಂಬವು ಮೊದಲಿನಿಂದ ನಡೆಸುತ್ತಿದ್ದ ಮದ್ಯದ ಅಂಗಡಿಯನ್ನೇ ಮಾರ್ಪಡಿಸಿದುದು. ಅಂಗಡಿ ಕುಟುಂಬದ್ದು, ಹೆಸರು ಮತ್ತು ಸರಬರಾಜು ಸಂಸ್ಥೆಯದು, ಲಾಭದಲ್ಲಿ ಇಬ್ಬರಿಗೂ ಪಾಲು ಎಂಬುದು ಈ ಏರ್ಪಾಡಿನ ತಿರುಳು.

ಇದರ ಯಶಸ್ಸಿಗೆ ಮೂರು ಕಾರಣಗಳನ್ನು ಹೇಳಬಹುದು. ಮೊದಲನೆಯದು, ಅಂಗಡಿಗಳನ್ನು ದೇಶದ ತುಂಬ ಚೆಲ್ಲದೆ ಒಂದೊಂದು ಪ್ರದೇಶದಲ್ಲಿ ಒತ್ತಾಗಿ ತೆರೆದುದು. ಎರಡನೆಯದು, ಸಾಗಾಣಿಕೆಯ ಹೊಂದಾಣಿಕೆ. ಆರಂಭದಲ್ಲಿ ಒಂದು ಅಂಗಡಿಗೆ ದಿನಕ್ಕೆ ಸುಮಾರು 70 ವಾಹನಗಳು ಬೇರೆಬೇರೆಯಾಗಿ ಮಾಲು ತರುತ್ತಿದ್ದವು. ಸರಬರಾಜುದಾರರ ಮಾಲನ್ನು ಒಂದೆಡೆ ಕೂಡಿಸಿ ಕಳುಹಿಸುವ ವ್ಯವಸ್ಥೆಯಾದ ಮೇಲೆ ಆ ಸಂಖ್ಯೆಯು ಕ್ರಮೇಣ ಹತ್ತರ ಆಸುಪಾಸಿಗೆ ಇಳಿಯಿತು. ಮೂರನೆಯದು, ಒಂದೊಂದು ವಸ್ತುವಿನ ಲೆಕ್ಕ. 1982ರಿಂದ ಗಲ್ಲೆಯ ಬಳಿ ಗಣಕಯಂತ್ರವನ್ನಿಟ್ಟು, ಯಾವ ವಸ್ತು ಯಾವ ಹೊತ್ತಿನಲ್ಲಿ ಎಷ್ಟು ಮಾರಾಟವಾಯಿತೆಂಬುದನ್ನು ದಾಖಲಿಸತೊಡಗಿದರು. ಸಣ್ಣ ಅಂಗಡಿಯಲ್ಲಿ ಜಾಗ ಕಡಮೆ. ಮಾರಾಟವಾಗದ ಮಾಲು ಅಲ್ಲಿ ಕೇವಲ ಧೂಳು ತಿನ್ನುವುದಿಲ್ಲ, ಮಾರಾಟವಾಗಬಹುದಾದ ಮಾಲಿನ ಜಾಗವನ್ನೂ ತಿನ್ನುತ್ತದೆ. 1991ರಲ್ಲಿ ಅಮೆರಿಕೆಯ ಮೂಲ ಕಂಪನಿಯೇ ತೊಂದರೆಗೆ ಸಿಲುಕಿದಾಗ ಅದರ ಹೆಚ್ಚಿನ ಪಾಲನ್ನು ಜಪಾನೀಯರೇ ಕೊಂಡರು. ಜಪಾನಿನಲ್ಲಿ ಇಂದು ಈ ಹೆಸರಿನ ಅಂಗಡಿಗಳ ಸಂಖ್ಯೆ 20,000ವನ್ನು ಮೀರಿದೆ.

ಇದಕ್ಕೆ ಇನ್ನೊಂದು ಮುಖವೂ ಉಂಟು. ಇಪ್ಪತ್ತನಾಲ್ಕು ಗಂಟೆಯೂ ಅಂಗಡಿ ತೆರೆದಿರಬೇಕೆಂಬ ಕರಾರು ಕುಟುಂಬಗಳಿಗೆ ಭಾರವಾಯಿತು. ಆಳುಗಳ ಅಭಾವದಿಂದ ರಾತ್ರಿ ಬಾಗಿಲು ಹಾಕಿದ ಅಂಗಡಿಕಾರನೊಬ್ಬನಿಗೂ ಸಂಸ್ಥೆಗೂ 2019ರಲ್ಲಿ ನಡೆದ ವಿವಾದವು ದೇಶದಾದ್ಯಂತ ಚರ್ಚೆಗೆ ಕಾರಣವಾಯಿತು. ಅಂಗಡಿ ತನ್ನದಾದರೂ ಹೊತ್ತು ತನ್ನದಲ್ಲವಾದರೆ ಆ ಒಡೆತನಕ್ಕೆ ಅರ್ಥವೇನು ಎಂಬುದು ಅಲ್ಲಿ ಎದ್ದ ಪ್ರಶ್ನೆ. ಈ ಹೆಸರುಗಳು ಈಗ ನಮಗೂ ದೂರದವಲ್ಲ. ಯುನಿಕ್ಲೋ ಎಂಬ ಜಪಾನೀ ಸಿದ್ಧ ಉಡುಪಿನ ಅಂಗಡಿಯು 2019ರಲ್ಲಿ ದಿಲ್ಲಿಗೆ ಬಂದಿತು. 2021ರಲ್ಲಿ ಸೆವೆನ್-ಇಲೆವೆನ್ ಮುಂಬಯಿಗೆ ಬಂದಿತು.

5. ಸಹಕಾರದ ದಾರಿ

ಸರಣಿ ಅಂಗಡಿಯ ಒಡೆಯನು ದೊಡ್ಡ ಬಂಡವಾಳಗಾರನೇ ಆಗಬೇಕೆಂದಿಲ್ಲ. ಜಪಾನಿನ ಕೋಬೆ ನಗರದಲ್ಲಿ 1921ರಲ್ಲಿಯೇ ಸಮಾಜಸೇವಕ ಕಾಗಾವಾ ತೊಯೋಹಿಕೊ ಅವರ ಪ್ರೇರಣೆಯಿಂದ ಗ್ರಾಹಕರ ಸಹಕಾರಿ ಸಂಘವು ಹುಟ್ಟಿತು. ಇಂದಿಗೂ ಅದು ಹಲವಾರು ಅಂಗಡಿಗಳನ್ನು ನಡೆಸುತ್ತಿದೆ. ನೆರೆಹೊರೆಯ ಕೆಲವು ಮನೆಗಳು ಗುಂಪುಗೂಡಿ, ಬೇಕಾದ ಸಾಮಾನಿನ ಪಟ್ಟಿಯನ್ನು ಮುಂಚಿತವಾಗಿ ಕೊಟ್ಟು, ಒಟ್ಟಿಗೆ ತರಿಸಿ ಹಂಚಿಕೊಳ್ಳುವ ಪದ್ಧತಿಯೂ ಆ ದೇಶದ ಸಹಕಾರಿ ಸಂಘಗಳಲ್ಲಿ ಬೆಳೆಯಿತು.

ನಮ್ಮ ನಾಡು ಈ ದಾರಿಗೆ ಹೊಸದಲ್ಲ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಕೂಡಿ ಕಟ್ಟಿದ ಸಹಕಾರಿ ಸಂಘವೇ ಮುಂದೆ ಹಾಪ್‌ಕಾಮ್ಸ್ ಎನಿಸಿ, ಹಣ್ಣು-ತರಕಾರಿಗಳ ಮಳಿಗೆಗಳ ಸರಣಿಯನ್ನೇ ನಡೆಸಿತು. ಇನ್ನೂ ಸಮೀಪದ ಉದಾಹರಣೆ ಬೇಕೆಂದರೆ ಕೊಲ್ಹಾಪುರ ಜಿಲ್ಲೆಯ ವಾರಣಾನಗರಕ್ಕೆ ಹೋಗಬೇಕು. ವಾರಣಾ ನದಿಯ ದಂಡೆಯಲ್ಲಿ ಸಹಕಾರಿ ಸಕ್ಕರೆ ಕಾರಖಾನೆಯನ್ನು ಕಟ್ಟಿದ ತಾತ್ಯಾಸಾಹೇಬ ಕೋರೆಯವರು 1970ರ ದಶಕದಲ್ಲಿ ಅಲ್ಲಿಯೇ ವಾರಣಾ ಬಾಜಾರ ಎಂಬ ಸಹಕಾರಿ ಗ್ರಾಹಕ ಮಳಿಗೆಯನ್ನು ಸ್ಥಾಪಿಸಿದರು. ದೊಡ್ಡ ನಗರದಲ್ಲಿ ಮಾತ್ರ ಸಾಧ್ಯವೆಂದು ತಿಳಿದಿದ್ದ ಬಹುಸರಕಿನ ಮಳಿಗೆಯು ಕಬ್ಬಿನ ಹೊಲಗಳ ನಡುವೆ ನಿಂತು, ಸುತ್ತಲಿನ ಹಳ್ಳಿಗಳಿಗೆ ಶಾಖೆಗಳನ್ನು ಚಾಚಿತು. ನಮ್ಮಂತೆಯೇ ಕಬ್ಬು ಬೆಳೆಯುವ ಜನ ಇದನ್ನು ಮಾಡಿದರೆಂಬುದು ವಿಶೇಷವಾಗಿ ಲಕ್ಷಿಸತಕ್ಕದ್ದು.

6. ನಾವು ತಿಳಿಯಬೇಕಾದುದು

ಮೇಲಿನ ವಿವೇಚನೆಯಿಂದ ಫಲಿಸುವ ಮಾತು ಇಷ್ಟು: ಸಣ್ಣ ಅಂಗಡಿಯು ಸಣ್ಣದೆಂಬ ಕಾರಣದಿಂದ ಅಳಿಯುವುದಿಲ್ಲ, ಒಂಟಿಯಾಗಿದ್ದುದರಿಂದ ಅಳಿಯುತ್ತದೆ.

ಜಪಾನಿನ ಪದ್ಧತಿಯನ್ನು ಇದ್ದಂತೆಯೇ ಇಲ್ಲಿಗೆ ತರಲಾಗದು. ಕಬ್ಬಿನ ಬಿಲ್ಲು ಒಂದೇ ಗಂಟಿನಲ್ಲಿ ಕೈಸೇರುವ ರೈತನಿಗೆ ಉಳಿದ ತಿಂಗಳುಗಳಲ್ಲಿ ಉದ್ರಿ ಬೇಕೇ ಬೇಕು. ಬೇನೆ ಬಂದ ಮನೆಗೆ, ಮದುವೆಯ ಮನೆಗೆ ಮುಖ ನೋಡಿ ಸಾಮಾನು ಕೊಡುವವನು ಊರಿನ ಅಂಗಡಿಕಾರನೇ ಹೊರತು ನಗರದ ಸರಣಿ ಅಂಗಡಿಯಲ್ಲ. ಇದು ಅವನ ಬಲ. ಆದರೆ ಉದ್ರಿಯ ಭಾರವನ್ನು ಬೆಲೆಯಲ್ಲಿ ಅಡಗಿಸಿದಾಗ ರೋಖ ಕೊಡುವ ಬಡವನೂ ಅದನ್ನು ಹೊರಬೇಕಾಗುತ್ತದೆ. ಆಗ ಅವನು ನಗರದ ದಾರಿ ಹಿಡಿಯುತ್ತಾನೆ. ಬೆಲೆ ಎಲ್ಲರಿಗೂ ಒಂದೇ ಇರಲಿ, ಉದ್ರಿಯ ಲೆಕ್ಕ ಬೇರೆ ಇರಲಿ. ಹತ್ತು ಅಂಗಡಿಗಳವರು ಕೂಡಿ ಒಂದೇ ಸಗಟು ಖರೀದಿ ಮಾಡಿ, ಒಂದೇ ಗಾಡಿಯಲ್ಲಿ ಮಾಲು ತರಿಸಿದರೆ ಬಾಡಿಗೆಯೂ ಉಳಿಯುತ್ತದೆ, ಮಾಲಿನ ದರವೂ ಇಳಿಯುತ್ತದೆ.

ಮೂರನೆಯ ಕಾರ್ಯವು ಶಾಲೆಯಿಂದಲೇ ಆರಂಭವಾಗಬಹುದು. ಇಂದು ಮೊಬೈಲಿನ ಮೂಲಕ ಹಣ ಸಂದಾಯವಾಗುವುದರಿಂದ ದಿನಕ್ಕೆ ಎಷ್ಟು ಹಣ ಬಂತೆಂಬುದು ಅಂಗಡಿಕಾರನಿಗೆ ತಿಳಿಯುತ್ತದೆ. ಯಾವ ವಸ್ತುವಿನಿಂದ ಬಂತೆಂಬುದು ತಿಳಿಯುವುದಿಲ್ಲ. ವಾಣಿಜ್ಯ ವಿಷಯದ ಶಿಕ್ಷಕರು ತಮ್ಮ ವಿದ್ಯಾರ್ಥಿಗಳನ್ನು ಊರಿನ ಒಂದೊಂದು ಅಂಗಡಿಗೆ ಒಂದು ತಿಂಗಳ ಕಾಲ ಕಳುಹಿಸಿ, ದಿನದಿನದ ವಸ್ತುವಾರು ಮಾರಾಟದ ಲೆಕ್ಕ ಬರೆಯಿಸಲಿ. ಅಂಗಡಿಯ ಹೆಸರು, ಉದ್ರಿ ಪಡೆದವರ ಹೆಸರು ಆ ವಹಿಯಲ್ಲಿ ಬೇಡ. ವಸ್ತು, ಪ್ರಮಾಣ, ಹೊತ್ತು ಇವಿಷ್ಟು ಸಾಕು. ವಿದ್ಯಾರ್ಥಿಗೆ ಲೆಕ್ಕಶಾಸ್ತ್ರದ ಪಾಠವಾಗುತ್ತದೆ, ಅಂಗಡಿಕಾರನಿಗೆ ತನ್ನ ವ್ಯಾಪಾರದ ಕನ್ನಡಿ ದೊರೆಯುತ್ತದೆ. ವ್ಯಾಪಾರದಲ್ಲಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಅಂಗಡಿಯ ಗಲ್ಲೆಯನ್ನೇ ಇದಕ್ಕೆ ತೆರೆದುಕೊಟ್ಟರೆ, ಅದೂ ವಿದ್ಯಾದಾನವೇ. ತಂದೆಯ ಅಂಗಡಿಯಲ್ಲಿ ಲೆಕ್ಕವೂ ಬುದ್ಧಿಯೂ ಉಂಟೆಂದು ಹುಡುಗನಿಗೆ ಮನವರಿಕೆಯಾದರೆ, ನಾಳೆ ಆ ಬಾಗಿಲನ್ನು ತೆರೆಯುವವನು ಒಬ್ಬನಾದರೂ ಊರಿನಲ್ಲಿ ಉಳಿದಾನು.