ಜಾತಿ ನಾಯಿಯ ಹುಟ್ಟುದೋಷ: ಕೊಂಡವರಿಗಿರುವ ಹಕ್ಕು

ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ರಾಟ್‌ವೀಲರ್, ಸೇಂಟ್ ಬರ್ನಾರ್ಡ್‌ನಂಥ ದೊಡ್ಡ ಮೈಕಟ್ಟಿನ ನಾಯಿಗಳಲ್ಲಿ ಸೊಂಟದ ಕೀಲಿನ ದೋಷ, ಅಂದರೆ ಹಿಪ್ ಡಿಸ್‌ಪ್ಲೇಸಿಯಾ, ವಂಶದಿಂದ ಇಳಿದು ಬರುತ್ತದೆ. ತೊಡೆಮೂಳೆಯ ಗುಂಡು ತಲೆ ಕೀಲಿನ ಬಟ್ಟಲಲ್ಲಿ ಬಿಗಿಯಾಗಿ ಕೂರದೆ, ನಡೆದಂತೆಲ್ಲ ಕೀಲು ಸವೆಯುತ್ತದೆ. ಎರಡು ತಿಂಗಳ ಮರಿಯನ್ನು ನೋಡಿ ಇದನ್ನು ಹೇಳಲಾಗದು. ವರ್ಷ ತುಂಬುವ ಹೊತ್ತಿಗೆ ನಾಯಿ ಮುಂಗಾಲೂರಿ ಎದ್ದು ಹಿಂಗಾಲುಗಳನ್ನು ಎಳೆದುಕೊಳ್ಳುತ್ತದೆ. ಓಡುವಾಗ ಎರಡೂ ಹಿಂಗಾಲು ಜೋಡಿಸಿ ಮೊಲದಂತೆ ಕುಪ್ಪಳಿಸುತ್ತದೆ. ಮೆಟ್ಟಿಲು ಕಂಡರೆ ನಿಂತುಬಿಡುತ್ತದೆ. ಖಚಿತವಾಗುವುದು ಎಕ್ಸರೇಯಲ್ಲಿ. ಗ್ರೇಟ್ ಡೇನ್‌ನ ಹೃದಯದ ಸ್ನಾಯು ಹಿಗ್ಗುವ ಕಾಯಿಲೆಯೂ ಹೀಗೇ ತಡವಾಗಿ ಹೊರಬೀಳುತ್ತದೆ. ಅಷ್ಟರಲ್ಲಿ ವ್ಯಾಪಾರ ಮುಗಿದು ಬಹಳ ದಿನವಾಗಿರುತ್ತದೆ. ಆದ್ದರಿಂದ ಸಾಕ್ಷ್ಯ ಕೂಡಿಹಾಕುವ ಕೆಲಸ ಮರಿ ಕೊಳ್ಳುವ ದಿನವೇ ಆಗಬೇಕು.

2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ, ಮರಿ ಹಾಕಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ನೋಂದಣಿ ಪತ್ರ ಎದ್ದು ಕಾಣುವಂತಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಸಂತೆ, ರಸ್ತೆಬದಿಯಂಥ ಸಾರ್ವಜನಿಕ ಜಾಗದಲ್ಲಿ ಮಾರಾಟಕ್ಕಿಡುವಂತಿಲ್ಲ. ತಾಯಿ ನಾಯಿ ಆರೋಗ್ಯವಾಗಿದ್ದು ಕನಿಷ್ಠ 18 ತಿಂಗಳಾಗಿರಬೇಕು. ಮರಿಗೆ ಮೈಕ್ರೋಚಿಪ್, ಲಸಿಕೆಯ ದಾಖಲೆ ಇರಬೇಕು. ಇವುಗಳ ಪ್ರತಿ ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಡ.

ಎಲ್ಲಕ್ಕಿಂತ ಹೆಚ್ಚಿನ ಬೆಲೆ ರಸೀದಿಗೆ. ಅದರಲ್ಲಿ ತಳಿ, ಹುಟ್ಟಿದ ದಿನ, ಚಿಪ್ ಸಂಖ್ಯೆ, ಕೊಟ್ಟ ಹಣ ಇರಬೇಕು. ‘ತಂದೆ-ತಾಯಿಯ ಸೊಂಟದ ಎಕ್ಸರೇ ಆಗಿದೆ, ದೋಷವಿಲ್ಲ’ ಎಂದು ಮಾರುವವರು ಬಾಯಲ್ಲಿ ಹೇಳಿದ್ದನ್ನು ಅದರಲ್ಲೇ ಬರೆಸಿ ಸಹಿ ಹಾಕಿಸಬೇಕು. ಬರೆದುಕೊಡಲು ಹಿಂಜರಿಯುವವರಿಂದ ಮರಿ ಕೊಳ್ಳದಿರುವುದೇ ಲೇಸು.

ಬೆಳಗಾವಿ ಜಿಲ್ಲೆಯ ನಿಪ್ಪಾಣಿ, ಕಾಗವಾಡದವರು ಮಹಾರಾಷ್ಟ್ರದ ಕೊಲ್ಹಾಪುರ, ಮಿರಜಿನಲ್ಲಿ ಮರಿ ಕೊಂಡರೂ ಹಕ್ಕು ಗಡಿಯಲ್ಲಿ ನಿಲ್ಲುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಂ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹಾಗಾಗಿ ಚಿಕ್ಕೋಡಿ, ರಾಯಬಾಗ, ಅಥಣಿ ಸೇರಿ ಈ ಐದೂ ತಾಲ್ಲೂಕಿನವರಿಗೆ ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗವೇ ಸಾಕು. ಈ ಕಾಯ್ದೆಯಲ್ಲಿ ‘ಸರಕು’ ಎಂದರೆ ಎಲ್ಲ ಬಗೆಯ ಚರಾಸ್ತಿ. ಜೀವವಿರುವ ನಾಯಿಯೂ ಅದರಲ್ಲಿ ಬರುತ್ತದೆ. ಆದರೆ ಮರುಮಾರಾಟಕ್ಕೆಂದು ಕೊಂಡವರು ಗ್ರಾಹಕರಲ್ಲ.

ದೋಷ ಗೊತ್ತಾದ ಕೂಡಲೇ ಪಶುವೈದ್ಯರಿಂದ ಎಕ್ಸರೇ ಮಾಡಿಸಿ, ಚಿಪ್ ಸಂಖ್ಯೆ ನಮೂದಿಸಿದ ಲಿಖಿತ ಅಭಿಪ್ರಾಯ ಪಡೆಯಬೇಕು. ಕೀಲು ದೋಷಕ್ಕೆ ಅತಿಯಾದ ಮೈಭಾರ, ತಪ್ಪು ಆಹಾರವೂ ಕೂಡಿಕೊಳ್ಳುತ್ತವೆ. ಮಾರಿದವರು ಹಿಡಿಯುವ ವಾದವೂ ಅದೇ. ಹಾಗಾಗಿ ಮರಿಯ ತೂಕ, ಆಹಾರ, ಲಸಿಕೆಯ ಲೆಕ್ಕವನ್ನು ಮೊದಲಿನಿಂದ ಬರೆದಿಟ್ಟವರ ದೂರಿಗೆ ಬಲ ಹೆಚ್ಚು. ಮುಂದಿನ ಹೆಜ್ಜೆ ಮಾರಿದವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸು. ಉತ್ತರ ಬಾರದಿದ್ದರೆ ಆಯೋಗಕ್ಕೆ ದೂರು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ; ವಕೀಲರನ್ನಿಡಲೇಬೇಕೆಂದಿಲ್ಲ. ಬೆಲೆ ವಾಪಸು, ಚಿಕಿತ್ಸೆಯ ಖರ್ಚು, ಪರಿಹಾರ ಕೇಳಬಹುದು. ಬದಲಿ ಮರಿ ಕೇಳಲೂ ಅವಕಾಶವಿದೆ. ಆದರೆ ಅದೇ ತಂದೆ-ತಾಯಿಯ ಇನ್ನೊಂದು ಮರಿ ಒಪ್ಪಿಕೊಂಡರೆ ಅದೇ ದೋಷ ಮತ್ತೆ ಮನೆಗೆ ಬರಬಹುದು.

ದೂರಿಗೆ ಎರಡು ವರ್ಷದ ಗಡುವು. ದೋಷ ತಿಳಿದ ದಿನದಿಂದ ಎಣಿಸಬೇಕೆಂದು ವಾದಿಸಬಹುದಾದರೂ, ಕೊಂಡ ದಿನದಿಂದಲೇ ಎಣಿಸಿಕೊಳ್ಳುವುದು ಕ್ಷೇಮ. ಸಲಹೆಗೆ ಗ್ರಾಹಕ ಸಹಾಯವಾಣಿ 1915. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಕಡಿಮೆ ಆದಾಯದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವಿದೆ. ಅದರ ಸಹಾಯವಾಣಿ 15100.

ತಳಿಯ ಆಯ್ಕೆಯಲ್ಲೇ ಅರ್ಧ ತೊಂದರೆ ತಪ್ಪುತ್ತದೆ. ಅಥಣಿಯ ಬೇಸಿಗೆಯಲ್ಲಿ ಹಿಮನಾಡಿನ ಸೇಂಟ್ ಬರ್ನಾರ್ಡ್ ಸಾಕುವುದು ಆ ಪ್ರಾಣಿಗೇ ಹಿಂಸೆ. ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಎತ್ತರವಾಗಿದ್ದರೂ ಹಗುರ ಮೈಯದು, ಈ ಬಿಸಿಲಿಗೆ ಒಗ್ಗಿದ್ದು. ಅದರ ಸಂಶೋಧನೆಗೆಂದೇ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಕೇಂದ್ರ ತಿಮ್ಮಾಪುರದಲ್ಲಿದೆ.

ಕುಂಟುವ ನಾಯಿಯನ್ನು ಊರಾಚೆ ಬಿಟ್ಟು, ಅದು ಹಸಿವು-ನೀರಡಿಕೆಯಿಂದ ನರಳುವಂತೆ ಮಾಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ಅಪರಾಧ. ವ್ಯಾಜ್ಯ ಎಷ್ಟು ದಿನ ನಡೆದರೂ ಅದರ ಅನ್ನ, ನೀರು, ನೆರಳು ಸಾಕಿದವರದೇ ಹೊಣೆ.