ಸಾಕಿದ ಗೌಜಲಕ್ಕಿಯನ್ನು ಶುಚಿ ಮಾಡುವ ಕ್ರಮ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ರಾಗಿ, ಹುರುಳಿ ಹೊಲಗಳಲ್ಲಿ ಉರುಳು ಒಡ್ಡಿ ಗೌಜಲಕ್ಕಿ ಹಿಡಿಯುತ್ತಿದ್ದ ಕಾಲವಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಕಾಡುಹಕ್ಕಿಯನ್ನು ಹಿಡಿಯುವುದೂ ಕೊಲ್ಲುವುದೂ ಅಪರಾಧ. ಇಲ್ಲಿ ಹೇಳಿರುವುದು 1974ರಲ್ಲಿ ಇಜ್ಜತ್‌ನಗರದ ಮೂಲಕ ದೇಶಕ್ಕೆ ಬಂದ, ಸಾಕುವ ಜಪಾನಿ ಗೌಜಲಕ್ಕಿಯ ವಿಷಯ.

ಐದಾರು ವಾರದ ಹಕ್ಕಿ 150ರಿಂದ 200 ಗ್ರಾಂ ತೂಗುತ್ತದೆ. ಇಷ್ಟು ಪುಟ್ಟ ದೇಹದಲ್ಲಿ ಕರುಳಾಗಲಿ ಪಿತ್ತಕೋಶವಾಗಲಿ ಒಡೆದರೆ ಮಾಂಸಕ್ಕೆಲ್ಲ ಹೊಲಸು, ಕಹಿ ತಗಲುತ್ತದೆ. ಆದುದರಿಂದ ಕೊಯ್ಯುವ ನಾಲ್ಕಾರು ಗಂಟೆ ಮೊದಲೇ ಮೇವು ನಿಲ್ಲಿಸಿ ನೀರು ಮಾತ್ರ ಕೊಡಬೇಕು. ಕೊಯ್ದ ಮೇಲೆ ರಕ್ತ ಪೂರ್ಣ ಸೋರಿಹೋಗಲು ಬಿಡಬೇಕು.

ನಾಟಿಕೋಳಿಯಂತೆ ಕುದಿಯುವ ನೀರಿನಲ್ಲಿ ಅದ್ದುವುದೇ ಹಲವರ ರೂಢಿ. ಗೌಜಲದ ಚರ್ಮ ಬಲು ತೆಳು. ಅದು ಬೆಂದು ಹರಿಯುತ್ತದೆ. ನೀರಿನ ಬಿಸಿ ಸುಮಾರು 55 ಡಿಗ್ರಿ ಸೆಂಟಿಗ್ರೇಡ್ ಇದ್ದರೆ, ಒಂದು ನಿಮಿಷದೊಳಗೆ ಪುಕ್ಕ ಸಡಿಲವಾಗುತ್ತದೆ. ಮನೆಬಳಕೆಗೆ ಚರ್ಮ ಸುಲಿಯುವುದೇ ಸುಲಭ: ರೆಕ್ಕೆತುದಿ, ಕಾಲುಗಳನ್ನು ಕತ್ತರಿಸಿ, ಎದೆಯ ಮೇಲೆ ಚರ್ಮ ಸೀಳಿ ಬೆರಳಿನಿಂದ ಎಳೆದರೆ ಪುಕ್ಕಸಮೇತ ಕಳಚುತ್ತದೆ.

ಕುತ್ತಿಗೆಯ ಬುಡದಲ್ಲಿರುವ ಕಾಳುಚೀಲವನ್ನು ಮೊದಲು ತೆಗೆಯಬೇಕು. ಗುದದ್ವಾರದ ಸುತ್ತ ಆಳವಿಲ್ಲದೆ ಕೊಯ್ದು, ಎರಡು ಬೆರಳು ತೂರಿಸಿ ಒಳಾಂಗಗಳನ್ನು ಒಟ್ಟಿಗೆ ಎಳೆಯಬೇಕು. ಪಿತ್ತಜನಕಾಂಗಕ್ಕೆ ಅಂಟಿದ ಹಸಿರು ಪಿತ್ತಕೋಶವನ್ನು ಹಿಸುಕದೆ ಬಿಡಿಸಬೇಕು. ಕಲ್ಲೀಜನ್ನು ಸೀಳಿ ಒಳಪೊರೆ ಸುಲಿದರೆ ಅದೂ ಅಡಿಗೆಗೆ ಬರುತ್ತದೆ.

ಶುದ್ಧ ತಣ್ಣೀರಿನಲ್ಲಿ ತೊಳೆದು ಕೂಡಲೇ ಮಂಜುಗಡ್ಡೆಯಲ್ಲಿಡಬೇಕು. ಬೇಸಗೆಯಲ್ಲಿ ಮಾಂಸ ಬೇಗ ಹಳಸುತ್ತದೆ. ಕಾಯಿಲೆಯಿಂದ ಸತ್ತ ಹಕ್ಕಿಯನ್ನು ಮಾತ್ರ ಶುಚಿ ಮಾಡಲು ಹೋಗದೆ, ಸುಣ್ಣ ಹಾಕಿ ಆಳದಲ್ಲಿ ಹೂಳಬೇಕು. ಒಮ್ಮೆಗೇ ಹಲವು ಸತ್ತರೆ ಪಶುವೈದ್ಯರಿಗೆ ತಿಳಿಸಬೇಕು.